ನೀನಾ ಸಿಮೋನ್ ಅವರಿಗೆ ನಮ್ಮ ವೇದಿಕೆಯಲ್ಲಿ ಸಲ್ಲಬೇಕಾದ ಗೌರವ: ಅಮೆರಿಕದ ಕನ್ನಡ ಕೂಟಗಳಿಗೊಂದು ಬಹಿರಂಗ ಪತ್ರ

ಮಾನ್ಯ ಪದಾಧಿಕಾರಿಗಳೇ, ಸದಸ್ಯ ಬಾಂಧವರೇ,

ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ನಮ್ಮ ಕೂಟಗಳ ಕಾರ್ಯಕಾರಿ ಸಮಿತಿಗಳು ವರ್ಷದ ಕಾರ್ಯಕ್ರಮಗಳನ್ನು ನಿಗದಿ ಮಾಡುತ್ತವೆ. ಪುರಂದರದಾಸರ ಆರಾಧನೆ, ಯುಗಾದಿ, ಬೇಸಿಗೆಯ ವನಭೋಜನ, ಗಣೇಶನ ಹಬ್ಬ, ರಾಜ್ಯೋತ್ಸವ ಇವೆಲ್ಲ ಆ ಪಟ್ಟಿಯಲ್ಲಿ ತಾವಾಗಿಯೇ ಬಂದು ಕೂರುತ್ತವೆ. ಅದಕ್ಕೆ ಇನ್ನೊಂದು ಸಂಜೆಯನ್ನು ಸೇರಿಸಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಫೆಬ್ರುವರಿ 21 ಗಾಯಕಿ, ಪಿಯಾನೊ ವಾದಕಿ, ವಾಗ್ಗೇಯಕಾರ್ತಿ ನೀನಾ ಸಿಮೋನ್ ಅವರ ಜನ್ಮದಿನ. ಈ ದೇಶ ಕಪ್ಪು ಜನರ ಚರಿತ್ರೆಯ ಮಾಸವೆಂದು ಆಚರಿಸುವ ತಿಂಗಳಿನಲ್ಲೇ ಬರುವ ಆ ದಿನದ ಆಸುಪಾಸಿನಲ್ಲಿ, ನಮ್ಮ ಮುಖ್ಯ ವೇದಿಕೆಯ ಮೇಲೆ, ಅವರ ಸಂಗೀತಕ್ಕೂ ಬದುಕಿಗೂ ಗೌರವ ಸಲ್ಲಿಸುವ ಒಂದು ಪೂರ್ಣ ಕಾರ್ಯಕ್ರಮ ನಡೆಯಬೇಕು ಎಂಬುದು ನನ್ನ ವಿನಂತಿ.

ಕನ್ನಡದವರಲ್ಲದ, ಭಾರತದವರೂ ಅಲ್ಲದ ಒಬ್ಬ ಕಲಾವಿದೆಗೆ ಕನ್ನಡ ಕೂಟ ಏಕೆ ಗೌರವ ಸಲ್ಲಿಸಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರವಾಗಿ ಉದಾರತೆಯ ಮಾತನ್ನಾಗಲೀ ವಿಶ್ವಮಾನವತೆಯ ಮಾತನ್ನಾಗಲೀ ನಾನು ಮುಂದಿಡುತ್ತಿಲ್ಲ. ನಾವು ಅವರ ಋಣದಲ್ಲಿದ್ದೇವೆ. ನಾವು ಈ ನೆಲಕ್ಕೆ ಬಂದು, ಮನೆ ಮಾಡಿ, ಕೂಟ ಕಟ್ಟಿ, ಮಕ್ಕಳಿಗೆ ಕನ್ನಡ ಕಲಿಸುವಂತಾದ ದಾರಿಯನ್ನು ತೆರೆದ, ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಗೆ ಈ ಮಹಿಳೆ ತನ್ನ ಕಂಠವನ್ನೂ, ಉಚ್ಛ್ರಾಯದಲ್ಲಿದ್ದ ತನ್ನ ವೃತ್ತಿಜೀವನವನ್ನೂ ಒಪ್ಪಿಸಿದರು. ಆ ಋಣದ ಲೆಕ್ಕವನ್ನು ಮುಂದೆ ವಿವರಿಸುತ್ತೇನೆ. ಮೊದಲು ಅವರು ಯಾರೆಂಬುದನ್ನು ಹೇಳಬೇಕು, ಏಕೆಂದರೆ ಒಂದೆರಡು ಜಾಹೀರಾತುಗಳಲ್ಲಿ ಕಿವಿಗೆ ಬಿದ್ದ ಹಾಡಿನಾಚೆಗೆ ನಮ್ಮಲ್ಲಿ ಬಹಳ ಮಂದಿಗೆ ಅವರ ಪರಿಚಯವಿಲ್ಲ.

ಅವರ ಹುಟ್ಟುಹೆಸರು ಯೂನಿಸ್ ಕ್ಯಾಥ್ಲೀನ್ ವೇಮನ್. ಹುಟ್ಟಿದ್ದು 1933ರಲ್ಲಿ, ನಾರ್ತ್ ಕೆರೊಲಿನಾ ರಾಜ್ಯದ ದಕ್ಷಿಣದ ಗಡಿಗೆ ಅಂಟಿಕೊಂಡು ಬ್ಲೂ ರಿಡ್ಜ್ ಬೆಟ್ಟಸಾಲಿನ ತಪ್ಪಲಿನಲ್ಲಿರುವ ಟ್ರೈಯನ್ ಎಂಬ ಸಣ್ಣ ಊರಿನಲ್ಲಿ. ಎಂಟು ಮಕ್ಕಳಲ್ಲಿ ಆರನೆಯವರು. ತಾಯಿ ಮೆಥಡಿಸ್ಟ್ ಚರ್ಚಿನ ಉಪದೇಶಕಿ, ಹೊಟ್ಟೆಪಾಡಿಗೆ ಬಿಳಿಯರ ಮನೆಯಲ್ಲಿ ಮನೆಗೆಲಸ. ತಂದೆ ಕೈಗೆ ಸಿಕ್ಕ ಕೆಲಸಗಳನ್ನೆಲ್ಲ ಮಾಡಿದವರು. ಕಾಲು ಪೆಡಲಿಗೆ ಎಟುಕದ ವಯಸ್ಸಿನಲ್ಲೇ ಆ ಮಗು ಚರ್ಚಿನಲ್ಲಿ ಕೇಳಿದ್ದನ್ನು ಪಿಯಾನೊ ಮೇಲೆ ನುಡಿಸತೊಡಗಿತ್ತು. ತಾಯಿ ಕೆಲಸ ಮಾಡುತ್ತಿದ್ದ ಮನೆಯೊಡತಿ ಆ ಪ್ರತಿಭೆಯನ್ನು ಕಂಡು ಮೊದಲ ವರ್ಷದ ಪಾಠದ ಶುಲ್ಕ ಕಟ್ಟಿದರು. ಇಂಗ್ಲೆಂಡಿನಿಂದ ಬಂದು ಆ ಊರಿನಲ್ಲಿ ನೆಲೆಸಿದ್ದ ಮ್ಯೂರಿಯಲ್ ಮಸಾನೊವಿಚ್ ಎಂಬ ಶಿಕ್ಷಕಿ ಹುಡುಗಿಯನ್ನು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಜರ್ಮನ್ ರಚನಕಾರ ಬಾಖ್‌ನ ಸಂಗೀತದೊಳಕ್ಕೆ ಕರೆದೊಯ್ದರು. ಶುಲ್ಕದ ಹಣ ಸಾಲದೆ ಬಂದಾಗ ಊರಿನವರು, ಬಿಳಿಯರೂ ಕರಿಯರೂ ಸೇರಿ, ಈ ಹುಡುಗಿಯ ಹೆಸರಿನಲ್ಲೊಂದು ನಿಧಿಯನ್ನೇ ಸ್ಥಾಪಿಸಿದರು.

ಅದೇ ಊರು ಇನ್ನೊಂದು ಕೆಲಸವನ್ನೂ ಮಾಡಿತು. ನಿಧಿಗೆ ಹಣ ಕೊಟ್ಟವರ ಮುಂದೆ ಹುಡುಗಿ ಸಾರ್ವಜನಿಕವಾಗಿ ನುಡಿಸುವ ದಿನ ಬಂತು. ವಯಸ್ಸು ಹನ್ನೊಂದೋ ಹನ್ನೆರಡೋ. ಊರಿನ ಗ್ರಂಥಾಲಯದ ಸಭೆಯಲ್ಲಿ ಮಗಳ ಬೆರಳುಗಳು ಕಾಣುವಂತೆ ಮುಂದಿನ ಸಾಲಿನಲ್ಲಿ ಕೂತಿದ್ದ ತಂದೆ-ತಾಯಿಯನ್ನು, ಬಿಳಿಯ ದಂಪತಿಗೆ ಜಾಗ ಮಾಡಿಕೊಡುವುದಕ್ಕೆಂದು, ಎಬ್ಬಿಸಿ ಹಿಂದಕ್ಕೆ ಕಳುಹಿಸಲಾಯಿತು. ಹುಡುಗಿ ಎದ್ದುನಿಂತು, ಅಪ್ಪ ಅಮ್ಮ ಮುಂದಿನ ಸಾಲಿಗೆ ಮರಳಿ ಬರುವವರೆಗೆ ತಾನು ನುಡಿಸುವುದಿಲ್ಲ ಎಂದಳು. ಅವರು ಮರಳಿ ಬಂದರು, ಕೆಲವರು ನಕ್ಕರು, ಆಮೇಲೆ ಅವಳು ನುಡಿಸಿದಳು. ಮರುದಿನದಿಂದ ತನ್ನ ಚರ್ಮ ಸುಲಿದಂತಾಯಿತೆಂದೂ, ಮತ್ತೆ ಬೆಳೆದಾಗ ಅದು ಮೊದಲಿಗಿಂತ ಗಡುಸಾಗಿತ್ತೆಂದೂ ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಈ ಘಟನೆಯನ್ನು ಓದುವಾಗ ನನ್ನನ್ನು ಹೆಚ್ಚು ಕಾಡುವುದು ಕ್ರೌರ್ಯವಲ್ಲ. ಕಪ್ಪು ಹುಡುಗಿಯ ಪ್ರತಿಭೆಗೆ ಮನಃಪೂರ್ವಕವಾಗಿ ಹಣ ಕೊಟ್ಟ ಕೈಗಳು, ಅವಳ ಹೆತ್ತವರನ್ನು ಹಿಂದೆ ಕೂರಿಸುವಾಗಲೂ ತಾವೇನೋ ತಪ್ಪು ಮಾಡುತ್ತಿದ್ದೇವೆಂದು ಭಾವಿಸಿರಲಾರವು ಎಂಬ ಸಂಗತಿ ಕಾಡುತ್ತದೆ. ಪಂಕ್ತಿಭೇದವನ್ನು ಬಲ್ಲ ನಾಡಿನಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಶ್‌ವಿಲ್‌ನ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೊದಲ ಸ್ಥಾನ ಪಡೆದು ತೇರ್ಗಡೆಯಾದ ಯೂನಿಸ್, 1950ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಅಭ್ಯಾಸ ಮಾಡಿದರು. ಗುರಿ ಇದ್ದದ್ದು ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಯ ಮೇಲೆ. ಅಲ್ಲಿ ಕಲಿತು ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣವಾದ ಕಾರ್ನೆಗಿ ಹಾಲ್‌ನಲ್ಲಿ ಶಾಸ್ತ್ರೀಯ ಪಿಯಾನೊ ಕಛೇರಿ ಕೊಡುವ ಮೊದಲ ಕಪ್ಪು ಮಹಿಳೆಯಾಗಬೇಕೆಂಬುದು ಅವರ ಕನಸು. 1951ರಲ್ಲಿ ಕರ್ಟಿಸ್ ಅವರನ್ನು ತಿರಸ್ಕರಿಸಿತು. ತಾನು ಕಪ್ಪಗಿರುವುದೇ ಅದಕ್ಕೆ ಕಾರಣವೆಂದು ಅವರು ಕಡೆಯವರೆಗೂ ನಂಬಿದ್ದರು. ಸಂಸ್ಥೆಯ ಪರವಾಗಿ ಹೇಳಬೇಕಾದುದನ್ನೂ ಹೇಳುತ್ತೇನೆ: ಅಲ್ಲಿಂದ ಕಪ್ಪು ಸಂಗೀತಗಾರ ಜಾರ್ಜ್ ವಾಕರ್ 1945ರಲ್ಲೇ ಪದವಿ ಪಡೆದಿದ್ದರು, ಪ್ರವೇಶದ ಸ್ಪರ್ಧೆಯೂ ತೀವ್ರವಾಗಿತ್ತು. ತೀರ್ಪಿನ ಕೋಣೆಯಲ್ಲಿ ಏನು ನಡೆಯಿತೋ, ಇಷ್ಟಂತೂ ದಿಟ: ಮುಂದಿನ ಸಾಲಿನಿಂದ ಹೆತ್ತವರನ್ನು ಎಬ್ಬಿಸಿದ್ದನ್ನು ಕಂಡ ಹುಡುಗಿಗೆ ಆ ತಿರಸ್ಕಾರವನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಳ್ಳಲು ಈ ದೇಶ ಯಾವ ಕಾರಣವನ್ನೂ ಒದಗಿಸಿರಲಿಲ್ಲ.

ಆ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ವ್ಲಾದಿಮಿರ್ ಸೊಕೊಲೋಫ್ ಅವರಲ್ಲಿ ಖಾಸಗಿಯಾಗಿ ಪಾಠ ಮುಂದುವರಿಸಲು ಹಣ ಬೇಕಿತ್ತು. 1954ರಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಬಾರ್‌ನಲ್ಲಿ ಪಿಯಾನೊ ನುಡಿಸುವ ಕೆಲಸ ಹಿಡಿದರು. ಹಾಡದಿದ್ದರೆ ಕೆಲಸವಿಲ್ಲ ಎಂದ ಮಾಲೀಕನ ಮಾತಿಗೆ ಅವರು ಹಾಡತೊಡಗಿದ್ದು. ಬಾರ್‌ನ ಸಂಗೀತವನ್ನು ಸೈತಾನನ ಸಂಗೀತವೆಂದೇ ತಿಳಿದ ತಾಯಿಗೆ ಸುದ್ದಿ ಮುಟ್ಟಬಾರದೆಂದು ನೀನಾ ಸಿಮೋನ್ ಎಂಬ ಹೆಸರಿಟ್ಟುಕೊಂಡರು. ಇಪ್ಪತ್ತನೆಯ ಶತಮಾನದ ಬಹುದೊಡ್ಡ ಕಂಠಗಳಲ್ಲೊಂದು ಲೋಕಕ್ಕೆ ಸಿಕ್ಕಿದ್ದು ಹೀಗೆ, ಪಿಯಾನೊ ಪಾಠದ ಶುಲ್ಕ ಹೊಂದಿಸುವ ಸಲುವಾಗಿ.

ಈಗ ಅವರ ಸಂಗೀತದ ವಿಷಯ. ನಮ್ಮ ಕೂಟಗಳಲ್ಲಿ ಸಂಗೀತ ಬಲ್ಲವರು ಬಹಳ ಮಂದಿ ಇರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬಯಸುತ್ತೇನೆ. ಅಂಗಡಿಗಳಲ್ಲಿ ಅವರ ಧ್ವನಿಮುದ್ರಿಕೆಗಳನ್ನು ಜ್ಯಾಝ್ ವಿಭಾಗದಲ್ಲಿಟ್ಟರು, ಧ್ವನಿಮುದ್ರಣ ಸಂಸ್ಥೆ ಅವರನ್ನು ಸೋಲ್ ಸಂಗೀತದ ಮಹಾಪೂಜಾರಿಣಿ ಎಂದು ಕರೆಯಿತು, ಬ್ಲೂಸ್ ಮತ್ತು ಜಾನಪದದವರೂ ಅವರನ್ನು ತಮ್ಮವರೆಂದರು. ತಾವು ನುಡಿಸುವುದು ಕಪ್ಪು ಜನರ ಶಾಸ್ತ್ರೀಯ ಸಂಗೀತ ಎಂದು ಅವರು ಹೇಳುತ್ತಿದ್ದರು. ಅದು ಬಿಂಕದ ಮಾತಲ್ಲ ಎನ್ನುವುದಕ್ಕೆ ಅವರ ಮೊದಲ ಧ್ವನಿಮುದ್ರಿಕೆಯೇ ಸಾಕ್ಷಿ. 1957ರ ಕೊನೆಯಲ್ಲಿ ಮುದ್ರಿತವಾದ ಆ ತಟ್ಟೆಯಲ್ಲಿ ‘ಲವ್ ಮಿ ಆರ್ ಲೀವ್ ಮಿ’ ಎಂಬ 1928ರ ಜನಪ್ರಿಯ ಹಾಡಿದೆ. ಚುರುಕಾದ ಜ್ಯಾಝ್ ಲಯದಲ್ಲಿ ಹಾಡು ಸಾಗುತ್ತಿರುವಾಗ ನಡುವೆ ಕಂಠ ನಿಲ್ಲುತ್ತದೆ, ಪಿಯಾನೊ ಮಾತ್ರ ಮುಂದೆ ಹೋಗುತ್ತದೆ. ಕೆಲವು ಕ್ಷಣಗಳಲ್ಲೇ ಎಡಗೈ ಒಂದು ಸ್ವರಪಂಕ್ತಿಯನ್ನೂ ಬಲಗೈ ಅದಕ್ಕೆ ಎದುರುತ್ತರವಾದ ಇನ್ನೊಂದನ್ನೂ ಹೆಣೆಯುತ್ತಾ ಬಾಖ್‌ನ ರಚನೆಯೊಂದರೊಳಗೆ ನಾವಿದ್ದೇವೆಂದು ಅನಿಸತೊಡಗುತ್ತದೆ. ಲಯ ಎಲ್ಲಿಯೂ ಮುರಿಯುವುದಿಲ್ಲ. ಕರ್ಟಿಸ್‌ನ ಬಾಗಿಲು ಮುಚ್ಚಿದ ಮೇಲೆ ಆ ಕಲಿಕೆ ಎಲ್ಲಿಗೆ ಹೋಯಿತೆಂದು ಕೇಳುವವರು ಆ ಒಂದು ಹಾಡನ್ನು ಕೇಳಬೇಕು.

ಕಂಠದ ಬಗ್ಗೆ ಹೇಳುವುದಾದರೆ, ಮಂದ್ರದಲ್ಲಿ ನೆಲೆನಿಂತ, ಕೆಲವೊಮ್ಮೆ ಗಂಡುದನಿಯೆಂದೇ ಭ್ರಮೆ ಹುಟ್ಟಿಸುವ ಕಂಠ ಅದು. ಸಿಹಿಯಾಗಿರಬೇಕೆಂಬ ಹಂಬಲ ಅದಕ್ಕಿರಲಿಲ್ಲ. ಗರ್ಶ್ವಿನ್‌ನ ಆಪೆರಾದಿಂದ ಆಯ್ದ ‘ಐ ಲವ್ಸ್ ಯೂ, ಪೋರ್ಗಿ’ 1959ರಲ್ಲಿ ಅಮೆರಿಕದ ಮೊದಲ ಇಪ್ಪತ್ತು ಜನಪ್ರಿಯ ಹಾಡುಗಳ ಪಟ್ಟಿಯನ್ನು ಸೇರಿತು. ಅದರಲ್ಲಿ ಅವರು ಒಂದೊಂದು ಸಾಲನ್ನೂ ಎಷ್ಟು ತಡೆದು, ಎಷ್ಟು ಅಳೆದು ಬಿಡುತ್ತಾರೆಂದರೆ, ವಿಳಂಬ ಕಾಲದ ಕೀರ್ತನೆಗೆ ಕಿವಿ ಒಗ್ಗಿದವರಿಗೆ ಅದರ ಬೆಲೆ ತಟ್ಟನೆ ತಿಳಿಯುತ್ತದೆ. ಇದಕ್ಕೆ ವಿರುದ್ಧ ತುದಿಯಲ್ಲಿ 1965ರ ‘ಸಿನ್ನರ್‌ಮನ್’ ಇದೆ. ತಾಯಿಯ ಪ್ರಾರ್ಥನಾ ಸಭೆಗಳಲ್ಲಿ ಬಾಲ್ಯದಿಂದ ಕೇಳಿದ ಆ ಹಾಡನ್ನು ಅವರು ಹತ್ತು ನಿಮಿಷಗಳಿಗೂ ಮೀರಿ ಬೆಳೆಸುತ್ತಾರೆ. ನಡುವೆ ವಾದ್ಯಗಳೆಲ್ಲ ಹಿಂದೆ ಸರಿದು ಚಪ್ಪಾಳೆ ಮಾತ್ರ ಉಳಿಯುತ್ತದೆ, ಮತ್ತೆ ಪಿಯಾನೊ ಮರಳುತ್ತದೆ, ಕೊನೆಗೆ ಹಾಡು ಮೊರೆಯಾಗಿ ಏರುತ್ತದೆ. ಭಜನೆಯ ಮಂಡಲಿಯಲ್ಲಿ ಕೂತು ಲಯ ಏರುವುದನ್ನು ಮೈಯಲ್ಲಿ ಅನುಭವಿಸಿದ ಯಾರಿಗೂ ಈ ಹಾಡು ಪರಕೀಯವೆನಿಸದು. ಕಛೇರಿಯ ನಡುವೆ ಯಾರಾದರೂ ಮಾತನಾಡಿದರೆ ಅವರು ನುಡಿಸುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದರು ಎಂಬುದೂ ಪ್ರಸಿದ್ಧ. ಅದನ್ನು ಅಹಂಕಾರವೆಂದು ಬರೆದವರಿದ್ದಾರೆ. ಬಾಖ್‌ನನ್ನು ಕೇಳುವ ಸಭೆಯಿಂದ ನಿರೀಕ್ಷಿಸುವ ಶ್ರದ್ಧೆಯನ್ನೇ ಅವರು ತಮ್ಮ ಸಭೆಯಿಂದಲೂ ನಿರೀಕ್ಷಿಸಿದರೆಂದು ನಾನು ತಿಳಿಯುತ್ತೇನೆ.

1963ರ ಏಪ್ರಿಲ್ 12ರಂದು ಅವರು ಕಡೆಗೂ ಕಾರ್ನೆಗಿ ಹಾಲ್‌ನ ವೇದಿಕೆ ಏರಿದರು, ಬಾಖ್‌ಗಾಗಿ ಅಲ್ಲ, ತಮ್ಮದೇ ಹಾಡುಗಳಿಗಾಗಿ. ಅದೇ ದಿನ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬಂಧನಕ್ಕೊಳಗಾದರು. ನಾಟಕಕಾರ್ತಿ ಲೊರೇನ್ ಹ್ಯಾನ್ಸ್‌ಬೆರಿ ಗೆಳತಿಗೆ ದೂರವಾಣಿ ಕರೆ ಮಾಡಿದ್ದು ಕಛೇರಿಯ ಯಶಸ್ಸಿಗೆ ಅಭಿನಂದಿಸಲು ಅಲ್ಲ, ಚಳವಳಿಯ ನಾಯಕರು ಸೆರೆಯಲ್ಲಿರುವಾಗ ನೀನು ಅದಕ್ಕಾಗಿ ಏನು ಮಾಡುತ್ತಿದ್ದೀಯೆ ಎಂದು ಕೇಳಲು. ಉತ್ತರ ಬರಲು ಐದು ತಿಂಗಳು ಹಿಡಿಯಿತು. ಜೂನ್ 12ರಂದು ಮಿಸಿಸಿಪ್ಪಿಯಲ್ಲಿ ಚಳವಳಿಯ ಕಾರ್ಯಕರ್ತ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯಂಗಳದಲ್ಲೇ ಗುಂಡಿಟ್ಟು ಕೊಂದರು. ಸೆಪ್ಟೆಂಬರ್ 15ರ ಭಾನುವಾರ ಬರ್ಮಿಂಗ್‌ಹ್ಯಾಮ್‌ನ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ವರು ಹೆಣ್ಣುಮಕ್ಕಳು ಸತ್ತರು. ಮೂವರಿಗೆ ಹದಿನಾಲ್ಕು ವರ್ಷ, ಒಬ್ಬಳಿಗೆ ಹನ್ನೊಂದು.

ಸುದ್ದಿ ಕೇಳಿದ ನೀನಾ ಮನೆಯಲ್ಲಿದ್ದ ಸಾಮಾನುಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದು ಬಂದೂಕು ತಯಾರಿಸಲು ಕೂತರು. ಕೊಲ್ಲುವ ವಿದ್ಯೆ ನಿನಗೆ ತಿಳಿಯದು, ನಿನ್ನಲ್ಲಿರುವುದು ಸಂಗೀತ ಎಂದು ಪತಿ ನೆನಪಿಸಿದ ಮೇಲೆ ಪಿಯಾನೊ ಮುಂದೆ ಕೂತು, ಒಂದು ಗಂಟೆಯೊಳಗೆ ‘ಮಿಸಿಸಿಪ್ಪಿ ಗಾಡ್‌ಡ್ಯಾಮ್’ ಹಾಡನ್ನು ಕಟ್ಟಿದರು. ಶೀರ್ಷಿಕೆಯಲ್ಲಿಯೇ ಬೈಗುಳವಿದೆ. ಮಕ್ಕಳಿರುವ ಸಭೆಯಲ್ಲಿ ಅದನ್ನು ಹೇಗೆ ಹಾಡಿಸುವುದು ಎಂದು ಸಂಕೋಚಪಡುವವರಿಗೆ ನನ್ನದೊಂದು ಮಾತು: ಅದೇ ವಯಸ್ಸಿನ ಮಕ್ಕಳು ಚರ್ಚಿನಲ್ಲಿ ಸತ್ತದ್ದಕ್ಕೆ ಬಾಯಿಗೆ ಬಂದ ಉದ್ಗಾರ ಅದು, ಮತ್ತು ಅದಕ್ಕಿಂತ ಸಭ್ಯವಾದ ಮಾತು ಅಂದು ಸುಳ್ಳಾಗುತ್ತಿತ್ತು. ಇಲ್ಲಿಯ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಇದನ್ನು ವಿವರಿಸಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ಆ ಹಾಡಿನ ಕಟ್ಟಡವನ್ನೂ ಗಮನಿಸಬೇಕು. ರಾಗ ರಂಗಭೂಮಿಯ ಕುಣಿತದ ಹಾಡುಗಳಂತೆ ಲವಲವಿಕೆಯದು. 1964ರ ಮಾರ್ಚಿನಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಅವರು ಇದನ್ನು ಹಾಡಿದಾಗ, ಬಹುಪಾಲು ಬಿಳಿಯರೇ ತುಂಬಿದ್ದ ಸಭೆ ಮೊದಲ ಸಾಲುಗಳಿಗೆ ನಗುವುದು ಧ್ವನಿಮುದ್ರಣದಲ್ಲಿಯೇ ಕೇಳಿಸುತ್ತದೆ. ಇದು ನಾಟಕವೊಂದರ ಹಾಡು, ಆದರೆ ಆ ನಾಟಕವನ್ನು ಇನ್ನೂ ಬರೆದಿಲ್ಲ ಎಂದು ಅವರು ನಡುವೆ ಹೇಳುತ್ತಾರೆ. ಹಾಡು ಮುಂದುವರಿದಂತೆ ನಗು ಕ್ಷೀಣಿಸುತ್ತದೆ. ಕಪ್ಪು ಜನ ಹಕ್ಕು ಕೇಳಿದಾಗಲೆಲ್ಲ ನಿಧಾನ, ಅವಸರ ಬೇಡ ಎಂದು ಹಿತವಚನ ಹೇಳುತ್ತಿದ್ದ ಸಜ್ಜನರ ಮಾತನ್ನು ಹಿಮ್ಮೇಳದವರ ಬಾಯಿಗೆ ಕೊಟ್ಟು, ಒಂದೊಂದು ಬೇಡಿಕೆಯ ಬೆನ್ನಿಗೂ ಆ ‘ನಿಧಾನ’ವನ್ನು ಕೂಗಿಸುತ್ತಾರೆ. ಕರ್ನಾಟಕದಲ್ಲಿ 1970ರ ದಶಕದ ದಲಿತ ಚಳವಳಿಯ ಮೆರವಣಿಗೆಗಳಲ್ಲಿ ಸಿದ್ಧಲಿಂಗಯ್ಯನವರ ಹಾಡುಗಳನ್ನು ಕೇಳಿ ಬೆಳೆದವರು ನಮ್ಮ ಕೂಟಗಳಲ್ಲಿದ್ದಾರೆ. ಕೋಪ ಹಾಡಾಗುವಾಗ ಏನಾಗುತ್ತದೆಂದು ಅವರಿಗೆ ನಾನು ವಿವರಿಸಬೇಕಾಗಿಲ್ಲ.

ದಕ್ಷಿಣದ ಹಲವು ರೇಡಿಯೊ ಕೇಂದ್ರಗಳು ಆ ಹಾಡನ್ನು ಬಿತ್ತರಿಸಲಿಲ್ಲ. ಸೌತ್ ಕೆರೊಲಿನಾದ ವ್ಯಾಪಾರಿಯೊಬ್ಬ ತಟ್ಟೆಗಳನ್ನೆಲ್ಲ ಎರಡೆರಡು ತುಂಡು ಮಾಡಿ ಪೆಟ್ಟಿಗೆಯಲ್ಲಿ ತುಂಬಿ ವಾಪಸು ಕಳುಹಿಸಿದನೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ಹಿಂದೆ ಸರಿಯಲಿಲ್ಲ. 1965ರ ಮಾರ್ಚಿನಲ್ಲಿ ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಮಾಂಟ್ಗೊಮರಿಗೆ ಸಾವಿರಾರು ಜನ ನಡೆದುಬಂದಾಗ, ಮಾರ್ಚ್ 24ರ ರಾತ್ರಿ ಮಾಂಟ್ಗೊಮರಿಯ ಅಂಚಿನಲ್ಲಿ ಅವಸರದಲ್ಲಿ ಕಟ್ಟಿದ ವೇದಿಕೆಯ ಮೇಲೆ, ಅಲಬಾಮಾದ ನೆಲದಲ್ಲಿಯೇ ನಿಂತು, ಅಲಬಾಮಾವನ್ನು ಹೆಸರಿಸುವ ಆ ಹಾಡನ್ನು ಹಾಡಿದರು.

ನಮ್ಮ ಋಣದ ಲೆಕ್ಕ ಶುರುವಾಗುವುದು ಇಲ್ಲಿಂದ. ಆ ನಡಿಗೆ ಮುಗಿದ ಐದು ತಿಂಗಳೊಳಗೆ, ಆಗಸ್ಟ್ 6ರಂದು, ಮತದಾನದ ಹಕ್ಕಿನ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಅಕ್ಟೋಬರ್ 3ರಂದು ಅದೇ ಅಧ್ಯಕ್ಷರು, ಅದೇ ಕಾಂಗ್ರೆಸ್ ಅಂಗೀಕರಿಸಿದ ಹೊಸ ವಲಸೆ ಕಾಯ್ದೆಗೆ ನ್ಯೂಯಾರ್ಕ್ ಬಂದರಿನ ಲಿಬರ್ಟಿ ದ್ವೀಪದಲ್ಲಿ ಸಹಿ ಹಾಕಿದರು. ಅದಕ್ಕೆ ಮುಂಚೆ, 1946ರ ಕಾಯ್ದೆಯ ಪ್ರಕಾರ, ಭಾರತಕ್ಕೆ ನಿಗದಿಯಾಗಿದ್ದ ಪಾಲು ವರ್ಷಕ್ಕೆ ನೂರು ಜನರದು. ನೂರು! ಇಂದು ನಮ್ಮ ಒಂದು ಸಾಧಾರಣ ಯುಗಾದಿ ಊಟಕ್ಕೆ ಅದಕ್ಕಿಂತ ಹೆಚ್ಚು ಜನ ಸೇರುತ್ತೇವೆ. ಹುಟ್ಟಿದ ದೇಶ ಮತ್ತು ಜನಾಂಗ ನೋಡಿ ಜನರನ್ನು ಒಳಗೆ ಬಿಡುವ ಪದ್ಧತಿಯನ್ನು 1965ರ ಕಾಯ್ದೆ ಕೊನೆಗಾಣಿಸಿತು. ನಮ್ಮ ಮೊದಲ ತಲೆಮಾರಿನ ವೈದ್ಯರು, ಎಂಜಿನಿಯರುಗಳು, ಸಂಶೋಧಕರು ಬಂದದ್ದು ಅದು ಜಾರಿಗೆ ಬಂದ ಮೇಲೆ. ನಾಗರಿಕ ಹಕ್ಕುಗಳ ಚಳವಳಿ ವಲಸೆ ಕಾಯ್ದೆಯನ್ನು ತನ್ನ ಮುಖ್ಯ ಬೇಡಿಕೆಯಾಗಿ ಮುಂದಿಟ್ಟಿರಲಿಲ್ಲ ಎಂಬುದು ನಿಜ, ಅದಕ್ಕೆ ಬೇರೆ ಶಕ್ತಿಗಳೂ ದುಡಿದಿದ್ದವು. ಆದರೆ ಕಾನೂನಿನಲ್ಲಿ ಬಣ್ಣದ ಆಧಾರದ ಭೇದ ನಾಚಿಕೆಗೇಡು ಎಂಬ ಮಾತನ್ನು ಈ ದೇಶದ ಬಾಯಿಂದ ಹೊರಡಿಸಿದ್ದು ಕಪ್ಪು ಜನರ ಹೋರಾಟ. ಅವರು ಪೊಲೀಸರ ನಾಯಿಗಳ ಬಾಯಿಗೂ ತಮ್ಮ ಮೇಲೆ ಹಾಯಿಸಿದ ನೀರಿನ ಪೈಪುಗಳಿಗೂ ಮೈಯೊಡ್ಡಿ, ಚರ್ಚಿನಲ್ಲಿ ಮಕ್ಕಳನ್ನು ಕಳೆದುಕೊಂಡು ಬದಲಿಸಿದ ವಾತಾವರಣದಲ್ಲಿ ಆ ಕಾಯ್ದೆ ಸಾಧ್ಯವಾಯಿತು. ಸಿದ್ಧವಾದ ಮನೆಗೆ ನಾವು ಬಂದು ಸೇರಿದೆವು.

ಇದನ್ನು ಬರೆಯಲು ಇನ್ನೊಂದು ಕಾರಣವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಸಮಾರಂಭಗಳ ಊಟದ ಮೇಜಿನ ಸುತ್ತ, ಯಾವ ಬಡಾವಣೆಯಲ್ಲಿ ಮನೆ ಕೊಳ್ಳಬೇಕು, ಯಾವ ಶಾಲೆಗೆ ಮಕ್ಕಳನ್ನು ಸೇರಿಸಬಾರದು ಎಂಬ ಚರ್ಚೆಗಳಲ್ಲಿ ಕಪ್ಪು ಜನರ ಬಗ್ಗೆ ಬರುವ ಮಾತುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಆಡುವವರು ಕೆಟ್ಟವರೇನಲ್ಲ, ಚರಿತ್ರೆ ತಿಳಿಯದೆ ಆಡುತ್ತಾರೆ. ಉಪನ್ಯಾಸ ಏರ್ಪಡಿಸಿದರೆ ಅವರು ಬರುವುದಿಲ್ಲ. ಸಂಗೀತ ಕಛೇರಿಗೆ ಬರುತ್ತಾರೆ.

ನೀನಾ ಸಿಮೋನ್ ಈ ದಾರಿಯಲ್ಲಿ ಇನ್ನೂ ಮುಂದೆ ಹೋದರು. 1966ರ ‘ಫೋರ್ ವಿಮೆನ್’ ಹಾಡಿನಲ್ಲಿ ಬೇರೆ ಬೇರೆ ಮೈಬಣ್ಣದ ನಾಲ್ವರು ಕಪ್ಪು ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಕಥೆ ಹೇಳುತ್ತಾರೆ. ನಾಲ್ಕು ಪಾತ್ರಗಳಲ್ಲಿ ಗುಲಾಮಗಿರಿಯ ಇಡೀ ಚರಿತ್ರೆ ಹೆಂಗಸರ ಮೈಮೇಲೆ ಏನು ಬರೆಯಿತೆಂಬುದು ಗೊತ್ತಾಗುತ್ತದೆ. ಎಣ್ಣೆಗೆಂಪು, ಕಪ್ಪು ಎಂದು ಹೆಣ್ಣುಮಕ್ಕಳ ಬಣ್ಣವನ್ನು ಇಂದಿಗೂ ತೂಗಿ ನೋಡುವ ನಮ್ಮ ಮನೆಗಳಿಗೆ ಈ ಹಾಡು ಬೇರೆಯವರ ವಿಷಯವಲ್ಲ. 1968ರಲ್ಲಿ ಕಿಂಗ್ ಹತ್ಯೆಯಾದ ಮೂರನೆಯ ದಿನ, ಏಪ್ರಿಲ್ 7ರಂದು, ನ್ಯೂಯಾರ್ಕ್ ಬಳಿಯ ವೆಸ್ಟ್‌ಬರಿಯಲ್ಲಿ, ಅವರ ತಂಡದ ಬಾಸ್ ವಾದಕ ಜೀನ್ ಟೇಲರ್ ಬರೆದ ಶೋಕಗೀತೆಯನ್ನು ಸಭೆಯ ಮುಂದೆ ಹಾಡಿದರು. ಹಾಡು ಕಲಿಯಲು ಅವರಿಗೆ ಸಿಕ್ಕಿದ್ದು ಆ ಒಂದು ದಿನ ಮಾತ್ರ. ಹಾಡುತ್ತಾ ಹಾಡುತ್ತಾ ಮಾತಿಗಿಳಿಯುತ್ತಾರೆ, ಮತ್ತೆ ಹಾಡಿಗೆ ಮರಳುತ್ತಾರೆ, ಅಳು ಒತ್ತರಿಸಿ ಬಂದರೂ ಶ್ರುತಿ ಬಿಡುವುದಿಲ್ಲ.

ಮತ್ತು 1969ರಲ್ಲಿ, 34ನೇ ವಯಸ್ಸಿನಲ್ಲಿ ಕ್ಯಾನ್ಸರ್‌ಗೆ ಬಲಿಯಾಗಿದ್ದ ಲೊರೇನ್ ಹ್ಯಾನ್ಸ್‌ಬೆರಿಯ ನೆನಪಿಗೆ, ಆಕೆಯದೇ ಮಾತುಗಳನ್ನು ಪಲ್ಲವಿಯಾಗಿಟ್ಟು ‘ಟು ಬಿ ಯಂಗ್, ಗಿಫ್ಟೆಡ್ ಅಂಡ್ ಬ್ಲ್ಯಾಕ್’ ಹಾಡನ್ನು ರಚಿಸಿದರು. ಸಾಹಿತ್ಯ ವೆಲ್ಡನ್ ಅರ್ವಿನ್ ಅವರದು. ಐದು ವರ್ಷಗಳ ಹಿಂದೆ ಶಪಿಸಿದ ಕಂಠವೇ ಇಲ್ಲಿ ಮಕ್ಕಳನ್ನು ಹರಸುತ್ತದೆ. ಡಾನಿ ಹ್ಯಾಥವೇ, ಅರೀಥಾ ಫ್ರ್ಯಾಂಕ್ಲಿನ್ ಅವರಂಥ ಸೋಲ್ ದಿಗ್ಗಜರು ಅದನ್ನು ಎತ್ತಿಕೊಂಡು ತಮ್ಮದಾಗಿಸಿಕೊಂಡರು. ನಮ್ಮ ಮಕ್ಕಳು ಕಲಿತು ಹಾಡಲು ಮೊದಲ ಹಾಡು ಯಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಸೂಚಿಸುವೆ.

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1970ರಲ್ಲಿ ಅಮೆರಿಕ ತೊರೆದರು. ಬಾರ್ಬಡೋಸ್, ಲೈಬೀರಿಯಾ, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್, ಕೊನೆಗೆ ಫ್ರಾನ್ಸ್. ವೈವಾಹಿಕ ಜೀವನದಲ್ಲಿ ಹಿಂಸೆ ಅನುಭವಿಸಿದ್ದರು. ಬಹುಕಾಲ ಹೆಸರಿಲ್ಲದೆ ಕಾಡಿದ ಮನೋರೋಗ ಬೈಪೋಲಾರ್ ಕಾಯಿಲೆಯೆಂದು ತಿಳಿದದ್ದು ತಡವಾಗಿ. ಅವರ ಸಿಟ್ಟು ಕೆಲವೊಮ್ಮೆ ಹತ್ತಿರದವರನ್ನೂ ಸುಟ್ಟಿತು. ಗೌರವಿಸುವ ಹೆಸರಿನಲ್ಲಿ ಇದನ್ನೆಲ್ಲ ಅಳಿಸಿ ಅವರನ್ನು ದೇವಿಯ ಪಟವಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ಧ್ವನಿಮುದ್ರಿಕೆಯ ಹಕ್ಕನ್ನು ಅವರು ಮೂರು ಸಾವಿರ ಡಾಲರಿಗೆ ಬಿಟ್ಟುಕೊಟ್ಟಿದ್ದರು. ಅದರಲ್ಲಿದ್ದ ‘ಮೈ ಬೇಬಿ ಜಸ್ಟ್ ಕೇರ್ಸ್ ಫಾರ್ ಮಿ’ 1987ರಲ್ಲಿ ಸುಗಂಧದ ಜಾಹೀರಾತೊಂದರ ಮೂಲಕ ಯೂರೋಪಿನಲ್ಲೆಲ್ಲ ಮೊಳಗಿದಾಗ, ಬಂದ ಹಣದ ಬಹುಪಾಲು ಬೇರೆಯವರ ಜೇಬು ಸೇರಿತ್ತು.

2003ರ ಏಪ್ರಿಲ್ 21ರಂದು ದಕ್ಷಿಣ ಫ್ರಾನ್ಸಿನ ಕಾರಿ-ಲೆ-ರುವೆ ಎಂಬಲ್ಲಿ ತೀರಿಕೊಂಡರು. ಅದಕ್ಕೆ ಎರಡೇ ದಿನ ಮುಂಚೆ ಕರ್ಟಿಸ್ ಸಂಸ್ಥೆ ಅವರಿಗೆ ಗೌರವ ಪದವಿ ನೀಡಿತು. ಐವತ್ತೆರಡು ವರ್ಷ ತಡವಾಗಿ. ಆಮೇಲೆ ಗೌರವಗಳು ಸಾಲುಸಾಲಾಗಿ ಬಂದವು. 2010ರಲ್ಲಿ ಟ್ರೈಯನ್‌ನಲ್ಲಿ ಕಂಚಿನ ಪ್ರತಿಮೆ ನಿಂತಿತು, 2018ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು, ಒಂದು ಕಾಲದಲ್ಲಿ ತುಂಡಾಗಿ ವಾಪಸು ಬಂದಿದ್ದ ‘ಮಿಸಿಸಿಪ್ಪಿ ಗಾಡ್‌ಡ್ಯಾಮ್’ ರಾಷ್ಟ್ರದ ಸಂರಕ್ಷಿತ ಧ್ವನಿಮುದ್ರಣಗಳ ಪಟ್ಟಿಗೆ ಸೇರಿತು. ಟ್ರೈಯನ್‌ನಲ್ಲಿ ಅವರು ಹುಟ್ಟಿದ ಮೂರು ಕೋಣೆಗಳ ಪುಟ್ಟ ಮರದ ಮನೆ ನೆಲಸಮವಾಗುವ ಸ್ಥಿತಿಯಲ್ಲಿದ್ದಾಗ, 2017ರಲ್ಲಿ ಆಡಂ ಪೆಂಡಲ್ಟನ್, ರಶೀದ್ ಜಾನ್ಸನ್, ಎಲೆನ್ ಗ್ಯಾಲಗರ್, ಜೂಲಿ ಮೆಹ್ರೆಟು ಎಂಬ ನಾಲ್ವರು ಕಪ್ಪು ಚಿತ್ರಕಲಾವಿದರು ಸೇರಿ 95,000 ಡಾಲರಿಗೆ ಅದನ್ನು ಕೊಂಡು ಉಳಿಸಿದರು. ಐತಿಹಾಸಿಕ ತಾಣಗಳನ್ನು ರಕ್ಷಿಸುವ ನ್ಯಾಷನಲ್ ಟ್ರಸ್ಟ್ ಅದರ ಜೀರ್ಣೋದ್ಧಾರಕ್ಕೆ ಕೈಜೋಡಿಸಿದೆ.

ಆದುದರಿಂದ ನನ್ನ ವಿನಂತಿಯನ್ನು ಸ್ಪಷ್ಟವಾಗಿಡುತ್ತೇನೆ. ಫೆಬ್ರುವರಿಯ ಆ ಸಂಜೆಗೆ ನಮ್ಮೂರುಗಳಲ್ಲೇ ಇರುವ ಕಪ್ಪು ಸಂಗೀತಗಾರರನ್ನು ಆಹ್ವಾನಿಸಿ. ವಾಷಿಂಗ್ಟನ್‌ನಲ್ಲಿ ಹೊವರ್ಡ್ ವಿಶ್ವವಿದ್ಯಾಲಯವಿದೆ, ಡರಂನಲ್ಲಿ ಜ್ಯಾಝ್ ಶಿಕ್ಷಣಕ್ಕೆ ಹೆಸರಾದ ನಾರ್ತ್ ಕೆರೊಲಿನಾ ಸೆಂಟ್ರಲ್ ವಿಶ್ವವಿದ್ಯಾಲಯವಿದೆ, ಅಟ್ಲಾಂಟಾದಲ್ಲಿ ಕಪ್ಪು ಜನರ ಕಾಲೇಜುಗಳೂ ಚರ್ಚಿನ ಗಾಯನವೃಂದಗಳೂ ಇವೆ. ನಮ್ಮ ಕೂಟಗಳು ದಶಕಗಳಿಂದ ಅವುಗಳ ನೆರೆಯಲ್ಲೇ ಕಾರ್ಯಕ್ರಮ ನಡೆಸುತ್ತಾ ಬಂದಿದ್ದರೂ ಎದುರುಬದುರಾಗಿ ಮಾತನಾಡಿದ್ದು ಕಡಿಮೆ. ಬೆಂಗಳೂರಿನಿಂದ ಕರೆಸುವ ಕಲಾವಿದರಿಗೆ ಕೊಡುವಂತೆಯೇ ಅವರಿಗೂ ಪೂರ್ಣ ಸಂಭಾವನೆ ಕೊಡಿ. ಊಟಕ್ಕೆ ಮುಂಚಿನ ಹತ್ತು ನಿಮಿಷಗಳ ಜಾಗಕ್ಕೆ ಅವರನ್ನು ತಳ್ಳಬೇಡಿ. ಹಾಡುಗಳ ನಡುವೆ ನೀನಾ ಅವರ ಬದುಕನ್ನು ಕನ್ನಡದಲ್ಲಿ ನಿರೂಪಿಸುವ ಕೆಲಸವನ್ನು ನಮ್ಮ ಯುವಕ ಯುವತಿಯರಿಗೆ ವಹಿಸಿ, ಹಿರಿಯರು ಅವರ ಬಾಯಿಂದ ಕೇಳಲಿ. ಅತಿಥಿ ಕಲಾವಿದರ ಹೆತ್ತವರು ಬಂದಿದ್ದರೆ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ. ಸಂಗ್ರಹವಾದ ಹಣದಲ್ಲಿ ಒಂದು ಪಾಲು ಟ್ರೈಯನ್‌ನ ಆ ಮನೆಯ ಸಂರಕ್ಷಣೆಗೆ ಹೋಗಲಿ.

ಶಾರ್ಲೆಟ್, ಗ್ರೀನ್‌ವಿಲ್ ಸುತ್ತಮುತ್ತಲಿನವರಿಗೆ ಟ್ರೈಯನ್ ಎರಡು ಗಂಟೆಯೊಳಗಿನ ದಾರಿ. ಆಶ್‌ವಿಲ್‌ಗೆ ಎಲೆಗಳ ಬಣ್ಣ ನೋಡಲು ಹೋಗುವ ನಮ್ಮ ಕುಟುಂಬಗಳು ಹೆದ್ದಾರಿಯಿಂದ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಸಾಕು. ಅಮೆರಿಕದ ಕನ್ನಡ ಸಂಸ್ಥೆಗಳಾದ ‘ಅಕ್ಕ’ ಮತ್ತು ‘ನಾವಿಕ’ ಸಮ್ಮೇಳನಗಳ ಸಂಘಟಕರಲ್ಲಿಯೂ ಇದೇ ಪತ್ರದ ಮೂಲಕ ಕೋರುತ್ತೇನೆ: ಮುಂದಿನ ಸಮ್ಮೇಳನದ ಸಂಗೀತ ವಿಭಾಗದಲ್ಲಿ ಅವರ ಹಾಡುಗಳಿಗೆ ಒಂದು ಗಂಟೆ ಮೀಸಲಿಡಿ. ನಮ್ಮಲ್ಲಿ ಪಿಯಾನೊ ಬಲ್ಲ ಮಕ್ಕಳೂ, ಮೃದಂಗ ಬಲ್ಲ ಮಕ್ಕಳೂ ಇದ್ದಾರೆ. ‘ಸಿನ್ನರ್‌ಮನ್’ನ ಲಯವನ್ನು ಅವರ ಮುಂದಿಟ್ಟರೆ ಮುಂದಿನದನ್ನು ಅವರೇ ನೋಡಿಕೊಳ್ಳುತ್ತಾರೆ.

ಫೆಬ್ರುವರಿಗೆ ಸಭಾಂಗಣಗಳು ಬೇಗನೆ ಭರ್ತಿಯಾಗುತ್ತವೆ, ಒಳ್ಳೆಯ ಸಂಗೀತಗಾರರ ದಿನಾಂಕಗಳೂ ಹಾಗೆಯೇ. ಆದಕಾರಣ ತಮ್ಮ ಮುಂದಿನ ಸಮಿತಿ ಸಭೆಯ ವಿಷಯಸೂಚಿಯಲ್ಲಿ ಇದನ್ನು ಸೇರಿಸಿ, ನಿರ್ಣಯವನ್ನು ಸದಸ್ಯರಿಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ. ಕಾರ್ಯಕ್ರಮದ ನಿರೂಪಣೆ ಬರೆಯುವುದರಲ್ಲಿ, ಹಾಡುಗಳನ್ನು ಆಯುವುದರಲ್ಲಿ, ಕುರ್ಚಿ ಹಾಕುವುದರಲ್ಲಿ ನನ್ನ ಕೈಲಾದ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಾರ್ತ್ ಕೆರೊಲಿನಾದಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ